ಕ್ವೇಲ್ (ಗೌಜಲಕ್ಕಿ) ತೂಕ ಪ್ರತಿ ತಲೆಮಾರಿಗೂ ಇಳಿಯಾಕತ್ತೈತಿ, ತಳಿ ಹೆಂಗ ಆರಿಸ್ಬೇಕ್ರಿ?

ಗಂಗಾವತಿ: ಜಪಾನಿ ಕ್ವೇಲ್, ತಳಿಗೆ 4 ಗಂಡು 12 ಹೆಣ್ಣು. ಮೊದಲು 5 ವಾರಕ್ಕ 190 ಗ್ರಾಂ ಬರ್ತಿದ್ವು, ಮೂರನೇ ತಲೆಮಾರು 160ಕ್ಕ ನಿಂತಾವ. ಪ್ರತಿ ಸಲ ದಪ್ಪ ಹಕ್ಕೀನೇ ಇಟ್ಕೊಂಡೀವಿ. ತಪ್ಪು ಎಲ್ಲೈತ್ರಿ?

ಸಿಂಧನೂರು: ಯಾವ ವಾರದಾಗ ಆರಿಸ್ತೀರಿ? 6–7ನೇ ವಾರ ಆದ್ರ ತಪ್ಪು ಅಲ್ಲೇ ಐತಿ. ಕ್ವೇಲಿನಾಗ ಹೆಣ್ಣೇ ಭಾರ, ಮ್ಯಾಲೆ ಆ ಹೊತ್ತಿಗೆ ಹೊಟ್ಟ್ಯಾಗ ತತ್ತಿ ಬೆಳೀತಿರ್ತಾವ. 4 ವಾರ ತುಂಬಿದ ದಿನ, ಮುಂಜಾನೆ ಮೇವು ಹಾಕೋಕಿಂತ ಮೊದಲು ತೂಗ್ರಿ. ಎದಿ ಪುಕ್ಕ ಕೆಂಚಗಿದ್ರ ಗಂಡು, ಕರಿ ಚುಕ್ಕಿ ಇದ್ರ ಹೆಣ್ಣು (ಬಿಳಿ ಹಕ್ಕಿಗೆ ಈ ಗುರುತು ನಡ್ಯಂಗಿಲ್ಲ). ಒಂದೇ ದಿನ ಹುಟ್ಟಿದ ಮರಿಯೊಳಗ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಹೋಲಿಸ್ರಿ. ಹುಟ್ಟಿದ ದಿನದ ತೂಕ ನಂಬಬ್ಯಾಡ್ರಿ, ಅದು ತತ್ತಿ ಗಾತ್ರದ ಲೆಕ್ಕ.

ಅನುವಂಶೀಯತೆ (ತಂದೆ-ತಾಯಿಯ ಹೆಚ್ಚಿನ ತೂಕದಾಗ ಮರಿಗೆ ದಾಟೋ ಪಾಲು) ಹಿಂಡಿಂದ ಹಿಂಡಿಗೆ ಬ್ಯಾರೆ, 0.3 ಅಂತ ಹಿಡೀರಿ. ಹಿಂಡಿನ ಸರಾಸರಿ 150, ಆರಿಸಿದ ಗಂಡು-ಹೆಣ್ಣಿನ ಸರಾಸರಿ 170 ಇದ್ರ ಅಂತರ 20. ಮರಿಗೆ ದಾಟೋದು 20 × 0.3, ಅಂದ್ರ 6 ಗ್ರಾಂ. ಉಳಿದದ್ದು ಬಹುಪಾಲು ಮೇವು, ಕಾವು, ಜಾಗದ ಫಲ.

ಸಿರುಗುಪ್ಪ: ಖರೆ, ಆದ್ರ ಆಯ್ಕೆ ತಪ್ಪಿದ್ರ ತೂಕ ಏರಂಗಿಲ್ಲ ಅಷ್ಟೇ, ಇಷ್ಟು ಇಳಿಯಂಗಿಲ್ಲ. ರಕ್ತಸಂಬಂಧ ನೋಡ್ರಿ. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ ಎರಡನ್ನೂ 8ರಿಂದ ಗುಣಿಸಿ, 1ನ್ನ ಅವುಗಳಿಂದ ಭಾಗಿಸಿ ಕೂಡಿಸ್ರಿ: 4 ಗಂಡು 12 ಹೆಣ್ಣಿಗೆ 1/32 + 1/96, ತಲೆಮಾರಿಗೆ ಸುಮಾರು 4% ಒಳಸಂತಾನ (ರಕ್ತಸಂಬಂಧಿಗಳ ಕೂಡಿಕೆ) ಕೂಡ್ತೈತಿ. 20 ಗಂಡು 40 ಹೆಣ್ಣು ಇದ್ರ 1%ರೊಳಗ. ಕ್ವೇಲ್ ಒಳಸಂತಾನ ತಡಕೊಳ್ಳೋ ಹಕ್ಕಿ ಅಲ್ಲ, ಮರಿ ಹೊರಬರೋದೂ ಕಡಿಮಿ ಆಗ್ತೈತಿ. 18 ದಿನ ದಾಟಿದ್ರೂ ಬಿಚ್ಚದ ತತ್ತಿ ಒಡೆದು ನೋಡ್ರಿ, ಒಳಗ ಸತ್ತ ಮರಿ ಪ್ರತಿ ಸಲ ಹೆಚ್ಚಾಗಾಕತ್ತಿದ್ರ ಅನುಮಾನ ಗಟ್ಟಿ.

ನಾಲ್ಕು ಗುಂಪು ಮಾಡ್ರಿ. ಹೆಣ್ಣುಮರಿ ಹುಟ್ಟಿದ ಗುಂಪಿನಾಗೇ ಇರಲಿ, ಗಂಡುಮರಿ 1ರಿಂದ 2ಕ್ಕ, 2ರಿಂದ 3ಕ್ಕ, ಹಂಗ 4ರಿಂದ ಮತ್ತ 1ಕ್ಕ. ಕಾಲಿಗೆ ಬಣ್ಣದ ಉಂಗುರ ಹಾಕದಿದ್ರ ಎರಡನೇ ತಿಂಗಳಿಗೇ ಎಲ್ಲಾ ಕಲಸಿ ಹೋಗ್ತೈತಿ.

ಲಿಂಗಸುಗೂರು: ಇಬ್ರೂ ಬಿಸಿಲು ಮರೆತ್ರಿ! 190 ಚಳಿಗಾಲದ್ದು, 160 ಬ್ಯಾಸಗಿದು ಆಗಿದ್ರ ಹೋಲಿಕೇನೇ ಸುಳ್ಳು. 40 ಡಿಗ್ರಿ ದಾಟಿದ್ರ ಹಕ್ಕಿ ಮೇವು ಕಡಿಮಿ ಮಾಡ್ತಾವ. ಮೊದಲ 3 ವಾರ ಪ್ರೋಟೀನ್ 24% ಆದ್ರೂ ಬೇಕು. ಲೇಯರ್ (ತತ್ತಿ ಇಡೋ) ಕೋಳಿ ಮೇವಿನಾಗ 16–18 ಅಷ್ಟೇ, ಅದನ್ನ ಹಾಕಿ ತಳೀನ ಬೈಬ್ಯಾಡ್ರಿ. ಖರೇ ಲೆಕ್ಕ ಬೇಕಂದ್ರ ಆರಿಸದ ಹಕ್ಕಿಗಳ 50 ತತ್ತಿನೂ ಅದೇ ದಿನ, ಅದೇ ಇನ್‌ಕ್ಯುಬೇಟರಿನಾಗ ಇಟ್ಟು ಮರಿ ಕೂಡೇ ಸಾಕ್ರಿ. ಎರಡರ ನಡುವಿನ ಅಂತರನೇ ಆಯ್ಕೆ ತಂದ ಲಾಭ.

ಗಂಗಾವತಿ: 190 ಡಿಸೆಂಬರ್, 160 ಮೇ. ಸಿಕ್ಕಿಬಿದ್ದೆ ನೋಡ್ರಿ. ಅತೀ ಭಾರದ 5% ಮಾತ್ರ ಇಟ್ರ ಬೇಗ ಏರತೈತೇನ್ರಿ?

ಸಿಂಧನೂರು: ಬ್ಯಾಡ್ರಿ ಅಣ್ಣಾರ. ಆ 5%ರಾಗ ಒಂದೆರಡು ತಾಯಿ ಮರಿಗಳೇ ಹೆಚ್ಚು ಇರಬಹುದು, ಮತ್ತ ಸಿರುಗುಪ್ಪದವರು ಹೇಳಿದ ಗುಂಡಿಗೇ ಬೀಳ್ತೀರಿ. 100 ಗಂಡುಮರಿಯಾಗ 20, 100 ಹೆಣ್ಣಿನಾಗ 40 ಇಟ್ಕೊಳ್ರಿ. 7ನೇ ವಾರಕ್ಕ ಗಂಡಿನ ಗುದದ ಮ್ಯಾಲಿನ ಗಂಟು ಮೆಲ್ಲಗ ಒತ್ತಿದಾಗ ಬಿಳಿ ನೊರೆ (ಗಂಡು ಕೂಡಾಕ ತಯಾರಾದ ಗುರುತು) ಬರದಿದ್ರ, ಎಷ್ಟೇ ತೂಕ ಇರಲಿ, ಅದನ್ನ ಮಾರಿಬಿಡ್ರಿ.