ಹಾಯಿದೋಣಿ ಪಂದ್ಯದ ಮಾತು: ಟ್ಯಾಕ್, ಜೈಬ್, ಸ್ಟಾರ್‌ಬೋರ್ಡ್‌ಗೆ ಕನ್ನಡದಲ್ಲಿ ಏನನ್ನೋಣ?

ಹಾಯಿದೋಣಿ ಪಂದ್ಯ ನೋಡುವಾಗ ಬೇಕಾಗುವ ಕೆಲವು ಪದಗಳ ಬಗ್ಗೆ ಬಲ್ಲವರನ್ನು ಕೇಳಬೇಕಿದೆ. ದೋಣಿ ನಡೆಸುವವರಿಗೆ ಬೇಕಾದ ಪದಗಳಲ್ಲ, ನೋಡುವವರಿಗೆ ಬೇಕಾದವು. ಅಮೆರಿಕಾಸ್ ಕಪ್, ಸೇಲ್‌ಜಿಪಿ, ಒಲಿಂಪಿಕ್ಸ್ ಹೀಗೆ ದೊಡ್ಡ ಹಾಯಿದೋಣಿ ಪಂದ್ಯಗಳೆಲ್ಲವನ್ನೂ ಈಗ ಮನೆಯಲ್ಲೇ ಕೂತು ನೋಡಬಹುದು. ಆದರೆ ಪಕ್ಕದಲ್ಲಿ ಕೂತವರಿಗೆ ಆಟ ಬಿಡಿಸಿ ಹೇಳಲು ಹೊರಟರೆ ಎರಡನೇ ವಾಕ್ಯಕ್ಕೇ ಕನ್ನಡ ನಿಂತುಹೋಗುತ್ತದೆ. ಕ್ರಿಕೆಟ್ಟಿಗೆ ಎಸೆತ, ಓಟ, ದಾಂಡಿಗ ಅಂತ ಬಳಕೆಗೆ ಬಂದವು. ಈ ಆಟಕ್ಕೆ ಯಾರೂ ಕೂತು ಯೋಚಿಸಿದಂತೆ ಕಾಣುವುದಿಲ್ಲ.

ಇರುವುದನ್ನು ಮೊದಲು ಹೇಳಿಬಿಡುತ್ತೇನೆ. ಹಾಯಿ, ಕೂವೆಮರ, ಚುಕ್ಕಾಣಿ, ಲಂಗರು, ಹುಟ್ಟು. ಇವು ಹಳೆಯವು, ಗಟ್ಟಿಯವು. ತಮಿಳಿನಲ್ಲಿ ಪಾಯ್ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಪಾಲು ಹಾಲಾಯಿತು, ಪಡಗು ಹಡಗಾಯಿತು, ಹಾಗೆಯೇ ಪಾಯಿ ಹಾಯಿ ಆಯಿತು. ಚೆನ್ನೈನ ನೇತ್ರಾ ಕುಮನನ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋದರು. ಸೇಲಿಂಗ್‌ನಲ್ಲಿ ಭಾರತದಿಂದ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಮೊದಲ ಮಹಿಳೆ ಅವರು. ತಮಿಳರಿಗೆ ಅವರ ಆಟವನ್ನು ಹೆಸರಿಸಲು ಪಾಯ್ಮರಪ್ಪಡಗು ಎಂಬ ಮಾತು ಸಿದ್ಧವಾಗಿತ್ತು. ನಮ್ಮಲ್ಲಿ ಹಾಯಿದೋಣಿ ಇದ್ದರೂ ಸೇಲಿಂಗ್ ಎಂಬುದೇ ಜಾಸ್ತಿ ಓಡಾಡುತ್ತದೆ. ಆಟದ ಹೆಸರು ಸೇಲಿಂಗ್ ಎಂದೇ ಇರಲಿ, ತಕರಾರಿಲ್ಲ. ತೊಂದರೆ ಇರುವುದು ಆಟದ ಒಳಗಿನ ಮಾತುಗಳಲ್ಲಿ.

ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: ಯಾರು ಮುಂದಿದ್ದಾರೆ? ನೋಡಿದರೆ ಒಂದು ದೋಣಿ ಎಡತುದಿಯಲ್ಲಿದೆ, ಇನ್ನೊಂದು ಬಲತುದಿಯಲ್ಲಿದೆ. ಒಂದರ ಮೂತಿ ಅತ್ತ, ಇನ್ನೊಂದರದ್ದು ಇತ್ತ. ಮುಂದು ಯಾವುದು, ಹಿಂದು ಯಾವುದು? ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಾ ಗಾಳಿ ಬರುವ ದಿಕ್ಕಿಗೆ ಏರಬೇಕು. ಹಾಗಾಗಿ ಈ ಹಾದಿಯಲ್ಲಿ ಗಾಳಿ ಬರುವ ಕಡೆಗೆ ಯಾರು ಹೆಚ್ಚು ಏರಿದ್ದಾರೋ ಅವರೇ ಮುಂದು. ಟಿವಿಯಲ್ಲಿ ನೀರಿನ ಮೇಲೆ ಅಡ್ಡಗೆರೆಗಳು ಕಾಣುತ್ತವಲ್ಲ, ಅವು ಗಾಳಿಗೆ ಅಡ್ಡವಾಗಿ ಎಳೆದ ಗೆರೆಗಳು. ಯಾರು ಎಷ್ಟು ಗೆರೆ ದಾಟಿದರು ಎಂದು ನೋಡಿದರೆ ಸಾಕು, ಆಟ ಅರ್ಥವಾಗುತ್ತದೆ. ಈ ಗೆರೆಗಳ ಹಿಂದಿನ ತಲೆ ಸ್ಟ್ಯಾನ್ ಹನಿ ಅವರದ್ದು. ಅಮೆರಿಕನ್ ಫುಟ್‌ಬಾಲ್ ಪ್ರಸಾರದ ಹಳದಿ ಗೆರೆಯ ಹಿಂದೆಯೂ ಅವರಿದ್ದರು. ಅವರೇ ಸ್ವತಃ ದೊಡ್ಡ ಹಾಯಿದೋಣಿ ಪಯಣಿಗರು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಅಮೆರಿಕಾಸ್ ಕಪ್ ಪಂದ್ಯಗಳನ್ನು ಸಾಮಾನ್ಯ ಜನ ಕೂತು ನೋಡುವಂತಾದದ್ದು ಈ ಗೆರೆಗಳಿಂದ.

ಪದ ಕಟ್ಟುವಾಗ ನಾನು ಹಿಡಿದಿರುವ ದಾರಿಯೂ ಇಲ್ಲಿಂದಲೇ ಬಂದದ್ದು. ಈ ಆಟದಲ್ಲಿ ಮೇಲು, ಕೆಳಗು, ಮುಂದು, ಎಡ, ಬಲ ಎಲ್ಲವನ್ನೂ ಅಳೆಯುವುದು ಗಾಳಿಯಿಂದ. ಹಾಗಿದ್ದಮೇಲೆ ಪದಗಳೂ ಗಾಳಿಯಿಂದಲೇ ಹುಟ್ಟಬೇಕು, ಅಲ್ವಾ? ಇಂಗ್ಲಿಷಿನ ಪದಗಳು ಅಲ್ಲಿನ ನಾವಿಕರ ಬದುಕಿನಿಂದ ಬಂದವು. ಚುಕ್ಕಾಣಿಯ ಹುಟ್ಟು ಇರುತ್ತಿದ್ದ ಬದಿ ಸ್ಟಾರ್‌ಬೋರ್ಡ್, ಬಂದರಿನ ಕಟ್ಟೆಗೆ ತಾಗುತ್ತಿದ್ದ ಬದಿ ಪೋರ್ಟ್. ನೋಡುವವರಿಗೆ ಅದು ಯಾವ ಸಹಾಯವನ್ನೂ ಮಾಡುವುದಿಲ್ಲ. ಪದಕ್ಕೆ ಪದ ಕನ್ನಡಿಸಿದರೆ ಅದೇ ಗೊಂದಲ ಇಲ್ಲಿಗೂ ಬರುತ್ತದೆ.

ಮೊದಲ ಪ್ರಶ್ನೆ ಗಾಳಿ ಬರುವ ಕಡೆ ಮತ್ತು ಹೋಗುವ ಕಡೆಗೆ. ಎದುರುಗಾಳಿ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅದು ಗಾಳಿಯ ಹೆಸರು, ಜಾಗದ ಹೆಸರಲ್ಲ. 'ಅವನು ಗಾಳಿ ಬರುವ ಕಡೆ ಇದ್ದಾನೆ' ಎನ್ನಲು ಒಂದೇ ಪದ ಬೇಕು. ಮೇಲ್ಗಾಳಿ ಎಂದರೆ ಎತ್ತರದಲ್ಲಿ ಬೀಸುವ ಗಾಳಿ ಎಂದಾಗಿಬಿಡುತ್ತದೆ. ಗಾಳಿಮೇಲು, ಗಾಳಿಕೆಳಗು ಎನ್ನಬಹುದೇ? ಎರಡು ದೋಣಿ ಒಂದೇ ಬದಿಯ ಗಾಳಿ ಹಿಡಿದು ಅಕ್ಕಪಕ್ಕ ಹೋಗುವಾಗ ಗಾಳಿಮೇಲಿನವನು ಗಾಳಿಕೆಳಗಿನವನಿಗೆ ದಾರಿ ಬಿಡಬೇಕು. ಆಟದ ದೊಡ್ಡ ನಿಯಮಗಳಲ್ಲಿ ಇದೊಂದು. ಈ ಪದಗಳಲ್ಲಿ ಹೇಳಿದರೆ ಒಂದು ವಾಕ್ಯದಲ್ಲಿ ಮುಗಿಯಿತು.

ಇಲ್ಲಿ ಒಕ್ಕಲುತನದವರ ಮಾತು ಸಿಗಬಹುದು ಎಂಬ ಆಸೆ ನನ್ನದು. ಗಾಳಿ ಬಂದಾಗ ತೂರಿಕೋ ಎಂದ ಜನ ನಾವು. ಕಣದಲ್ಲಿ ತೂರುವಾಗ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಆಚೆ ಹೋಗುತ್ತದೆ. ನಿಲ್ಲುವ ಜಾಗ ತಪ್ಪಿದರೆ ಹೊಟ್ಟೆಲ್ಲ ಮುಖಕ್ಕೆ. ಅಲ್ಲಿಯೂ ಗಾಳಿ ಬರುವ ಕಡೆ, ಹೋಗುವ ಕಡೆ ಎಂಬ ಎರಡು ಜಾಗ ಇವೆ. ಆ ಎರಡಕ್ಕೆ ನಿಮ್ಮ ಊರಿನ ಕಣದಲ್ಲಿ ಏನು ಹೆಸರು? ರಾಗಿ ಸೀಮೆಯಲ್ಲೊಂದು, ಜೋಳದ ಸೀಮೆಯಲ್ಲೊಂದು ಇದ್ದರೂ ಇರಲಿ, ದಯವಿಟ್ಟು ಬರೆಯಿರಿ.

ಎರಡನೆಯದು ಟ್ಯಾಕ್. ಈ ಒಂದು ಪದ ಇಂಗ್ಲಿಷಿನಲ್ಲಿ ಮೂರು ಕೆಲಸ ಮಾಡುತ್ತದೆ. ಹಾಯಿಯ ಮುಂದಿನ ಕೆಳಮೂಲೆ ಟ್ಯಾಕ್. ದೋಣಿ ಗಾಳಿಯನ್ನು ಯಾವ ಬದಿಯಿಂದ ಹಿಡಿದಿದೆ ಎಂಬುದೂ ಟ್ಯಾಕ್. ಆ ಬದಿಯನ್ನು ಬದಲಿಸುವ ತಿರುವೂ ಟ್ಯಾಕ್. ಮೂಲೆಯನ್ನು ಬಿಡಿ, ನೋಡುವವರಿಗೆ ಬೇಡ. ಉಳಿದ ಎರಡನ್ನು ಕನ್ನಡದಲ್ಲಿ ಬೇರೆ ಬೇರೆ ಮಾಡಲೇಬೇಕು.

ಬದಿಗೆ ನನ್ನ ಸೂಚನೆ ಎಡಗಾಳಿ, ಬಲಗಾಳಿ. ನಮ್ಮಲ್ಲಿ ಗಾಳಿಗೆ ಹೆಸರಿಡುವುದು ಅದು ಹುಟ್ಟುವ ಕಡೆಯಿಂದ. ಮೂಡುಗಾಳಿ ಮೂಡಲಿಂದ ಬರುತ್ತದೆ, ಪಡುಗಾಳಿ ಪಡುವಲಿಂದ. ಹಾಗೆಯೇ ದೋಣಿಯ ಎಡದಿಂದ ಬರುವುದು ಎಡಗಾಳಿ, ಬಲದಿಂದ ಬರುವುದು ಬಲಗಾಳಿ. ಹೊಸ ಪದ ಎನಿಸುವುದೇ ಇಲ್ಲ. ಈಗ ಪಂದ್ಯದ ಮೊದಲ ನಿಯಮವನ್ನು ಹೇಳಿ ನೋಡಿ: ಎಡಗಾಳಿ ದೋಣಿ ಬಲಗಾಳಿ ದೋಣಿಗೆ ದಾರಿ ಬಿಡಬೇಕು. ಇಷ್ಟೇ. ಎರಡು ದೋಣಿ ಒಂದರ ಎದುರು ಒಂದು ಓರೆಯಾಗಿ ಬರುವಾಗ ಎದೆ ಢವಢವ ಎನ್ನುವುದು ಈ ನಿಯಮದಿಂದಲೇ. ಎಡಗಾಳಿಯವನು ಬಾಗಿ ಹಿಂದಿನಿಂದ ದಾಟುತ್ತಾನಾ, ಅಲ್ಲೇ ತಿರುಗುತ್ತಾನಾ, ಇಲ್ಲ ಮುಂದಿನಿಂದ ನುಗ್ಗಿ ದಾಟಿಯೇ ಬಿಡುತ್ತಾನಾ? ಆ ಕೆಲವು ಸೆಕೆಂಡುಗಳಲ್ಲಿ ಪೋರ್ಟ್ ಟ್ಯಾಕ್, ಸ್ಟಾರ್‌ಬೋರ್ಡ್ ಟ್ಯಾಕ್ ಎಂದು ವಿವರಿಸುತ್ತಾ ಕೂತರೆ ದೋಣಿ ದಾಟಿ ಹೋಗಿರುತ್ತದೆ.

ಬಾರ್ಸಿಲೋನಾದಲ್ಲಿ 2024ರಲ್ಲಿ ನಡೆದ ಅಮೆರಿಕಾಸ್ ಕಪ್ ನೋಡಿದವರಿಗೆ ಈ ಎಡಬಲದ ಮಹತ್ವ ಗೊತ್ತಿರುತ್ತದೆ. ಆ ಎಸಿ75 ದೋಣಿಗಳಲ್ಲಿ ಚುಕ್ಕಾಣಿಗೆ ಇಬ್ಬರು. ನ್ಯೂಜಿಲೆಂಡ್ ದೋಣಿಯಲ್ಲಿ ಪೀಟರ್ ಬರ್ಲಿಂಗ್ ಮತ್ತು ನೇಥನ್ ಔಟರಿಜ್, ಬ್ರಿಟನ್ನಿನದ್ದರಲ್ಲಿ ಬೆನ್ ಐನ್ಸ್‌ಲೀ ಮತ್ತು ಡಿಲನ್ ಫ್ಲೆಚರ್. ಒಬ್ಬರು ಎಡದಲ್ಲಿ, ಒಬ್ಬರು ಬಲದಲ್ಲಿ. ಯಾರೂ ಜಾಗ ಬದಲಿಸುವುದಿಲ್ಲ. ಗಾಳಿಯ ಬದಿ ಬದಲಾದಾಗ ಚುಕ್ಕಾಣಿಯೇ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ದೋಣಿಯನ್ನು ನೀರಿನಿಂದ ಮೇಲಕ್ಕೆತ್ತುವ ರೆಕ್ಕೆಗಳಿಗೆ ಫಾಯಿಲ್ ಎನ್ನುತ್ತಾರೆ. ಮೇಲೆತ್ತಿದ್ದ ಒಂದು ಫಾಯಿಲ್ ನೀರಿಗೆ ಇಳಿಯುತ್ತದೆ, ಒಂದು ಕ್ಷಣ ಎರಡೂ ನೀರಿನಲ್ಲಿರುತ್ತವೆ, ಆಮೇಲೆ ಇನ್ನೊಂದು ಮೇಲೇಳುತ್ತದೆ. ಹೊಸಬರು ಇದನ್ನೊಂದು ನೋಡಿಕೊಂಡರೆ ತಿರುವು ಯಾವಾಗ ಶುರುವಾಗುತ್ತದೆ ಎಂದು ಮೊದಲೇ ಹೇಳಬಲ್ಲರು. ನ್ಯೂಜಿಲೆಂಡ್ 7-2ರಿಂದ ಗೆದ್ದಿತು. ಅದರ ತಿರುವುಗಳು ನೋಡಲು ಬಹಳ ಚೆಂದ, ದೋಣಿ ನೀರಿಗೆ ತಾಗದಂತೆ ತಿರುಗುತ್ತಿತ್ತು. (ಫಾಯಿಲ್‌ಗೆ ನೀರುರೆಕ್ಕೆ ಎಂದು ನಾನು ಹೇಳುತ್ತೇನೆ. ಫಾಯಿಲ್ ಎಂದರೆ ಅಡುಗೆಮನೆಯ ಬೆಳ್ಳಿಹಾಳೆ ನೆನಪಾಗುತ್ತದೆ.)

ಇನ್ನು ತಿರುವು. ಟ್ಯಾಕ್ ಮತ್ತು ಜೈಬ್ ಎರಡರಲ್ಲೂ ಗಾಳಿಯ ಬದಿ ಬದಲಾಗುತ್ತದೆ. ಟ್ಯಾಕ್‌ನಲ್ಲಿ ದೋಣಿಯ ಮೂತಿ ಗಾಳಿಯನ್ನು ಸೀಳಿ ಹಾಯುತ್ತದೆ, ಜೈಬ್‌ನಲ್ಲಿ ಹಿಂಭಾಗ ಹಾಯುತ್ತದೆ. ನಾನು ಎದುರುಹೊರಳು, ಬೆನ್ನುಹೊರಳು ಎಂದು ಬಳಸುತ್ತಿದ್ದೇನೆ. ಮಗ್ಗುಲು ಬದಲಿಸು ಎಂಬ ಒಳ್ಳೆಯ ಮಾತೂ ಇದೆ. ಆದರೆ ಅದರಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಮಗುಚು ಎನ್ನುವುದಂತೂ ಬೇಡ, ದೋಣಿ ಮುಳುಗಿತು ಎಂದು ಕೇಳಿಸುತ್ತದೆ. 2013ರ ಸೆಪ್ಟೆಂಬರ್ 14ರಂದು ನ್ಯೂಜಿಲೆಂಡ್ ದೋಣಿಗೆ ಹೊರಳುವುದು ಮಗುಚುವುದಾಗುವುದರಲ್ಲಿತ್ತು. ಎದುರುಹೊರಳಿನ ನಡುವೆ ರೆಕ್ಕೆಯಂಥ ಹಾಯಿ ತನ್ನ ಬಾಗು ಬದಲಿಸಲಿಲ್ಲ. 72 ಅಡಿಯ ಆ ಜೋಡಿದೋಣಿಯ ಒಂದು ಬದಿ ಆಕಾಶಕ್ಕೆ ಎದ್ದು ನಿಂತಿತು. ಮಗುಚದೆ ಉಳಿಯಿತು, ಆದರೆ ಆ ಪಂದ್ಯ ಅಮೆರಿಕದ ಒರಾಕಲ್ ತಂಡಕ್ಕೆ ಹೋಯಿತು. ಹೊರಳು, ಮಗುಚು ಎರಡೂ ಪದಗಳು ಬೇರೆ ಬೇರೆಯಾಗಿ ಬೇಕೇಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಗಾಳಿ ದಿಕ್ಕು ಬದಲಿಸುವುದಕ್ಕೆ ಇಂಗ್ಲಿಷಿನಲ್ಲಿ ಲಿಫ್ಟ್, ಹೆಡರ್ ಎನ್ನುತ್ತಾರೆ. ಗುರಿಯ ಕಡೆಗೆ ಇನ್ನೂ ನೇರವಾಗಿ ಹೋಗಲು ಬಿಡುವ ಬದಲಾವಣೆ ಲಿಫ್ಟ್, ದೂರ ತಳ್ಳುವುದು ಹೆಡರ್. ನಮಗೆ ಒಲಿ, ಮುನಿ ಎಂಬ ಎರಡು ಕ್ರಿಯಾಪದಗಳಿವೆ. ಗಾಳಿ ಒಲಿಯಿತು, ಗಾಳಿ ಮುನಿಯಿತು. ಒಬ್ಬನಿಗೆ ಒಲಿದ ಗಾಳಿಯೇ ಆಚೆ ಬದಿಯ ಗಾಳಿ ಹಿಡಿದವನಿಗೆ ಮುನಿಯುತ್ತದೆ. ಗಾಳಿ ಮುನಿದರೆ ಹೊರಳು, ಒಲಿದರೆ ಹಾಗೇ ಹೋಗು. ಆಟದ ಅರ್ಧ ಜಾಣತನ ಇಷ್ಟರಲ್ಲಿದೆ. ಈ ಎರಡು ಮಾತುಗಳ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಡರ್ಟಿ ಏರ್‌ಗೆ ಏನು? ಮುಂದಿನ ದೋಣಿಯ ಹಾಯಿಗೆ ತಾಗಿ ಸುಳಿ ಸುಳಿಯಾಗಿ ಹಿಂದೆ ಬರುವ, ಬಲ ಕಳೆದುಕೊಂಡ ಗಾಳಿ ಅದು. ಕೊಳಕು ಗಾಳಿ ಎಂದರೆ ಹೊಗೆ, ಧೂಳು ಎಂದಾಗುತ್ತದೆ. ಎಂಜಲುಗಾಳಿ ಎಂಬುದು ಅರ್ಥಕ್ಕೆ ಸರಿಯಾಗಿ ಕೂರುತ್ತದೆ, ಇನ್ನೊಬ್ಬ ಬಳಸಿ ಬಿಟ್ಟ ಗಾಳಿ. ಕಲಕಿದ ಗಾಳಿ ಎಂಬುದು ಸೌಮ್ಯ. ನನ್ನ ಮನಸ್ಸು ಎಂಜಲುಗಾಳಿಯ ಕಡೆಗಿದೆ, ಆದರೆ ಆ ಪದದ ಹಿಂದೆ ಬೇರೆ ನೋವುಗಳೂ ಇವೆ. ನಿಮ್ಮ ಅಭಿಪ್ರಾಯ ಬೇಕು.

ಇದರ ಜೋಡಿ ಪದ ಕವರ್. ಮುಂದಿರುವವನು ಬೇಕೆಂದೇ ಹಿಂದಿನವನ ಗಾಳಿಗೆ ಅಡ್ಡ ನಿಲ್ಲುವುದು. ಗಾಳಿಮರೆ ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ದೀಪಕ್ಕೆ ಹಿಡಿಯುವ ಗಾಳಿಮರೆ ಕಾಪಾಡಲು, ಇಲ್ಲಿನದ್ದು ಕಟ್ಟಿಹಾಕಲು. 1983ರ ಸೆಪ್ಟೆಂಬರ್ 26ರಂದು ನ್ಯೂಪೋರ್ಟ್‌ನಲ್ಲಿ ನಡೆದದ್ದು ಅದೇ. 1851ರಿಂದ 132 ವರ್ಷ ಅಮೆರಿಕ ಬಿಟ್ಟುಕೊಡದ ಅಮೆರಿಕಾಸ್ ಕಪ್. 3-3ರಲ್ಲಿ ಏಳನೇ ಪಂದ್ಯ. ಗಾಳಿಗೆ ಬೆನ್ನು ಕೊಟ್ಟು ಹೋಗುವ ಹಾದಿಯಲ್ಲಿ ಆಸ್ಟ್ರೇಲಿಯಾ-2, ಅಮೆರಿಕದ ಡೆನಿಸ್ ಕಾನರ್ ಅವರ ಲಿಬರ್ಟಿ ದೋಣಿಯನ್ನು ಹಿಂದೆ ಹಾಕಿತು. ಕೊನೆಯ ಎದುರುಗಾಳಿ ಹಾದಿಯಲ್ಲಿ ಕಾನರ್ ತಪ್ಪಿಸಿಕೊಳ್ಳಲು ಹೊರಳಿದರು, ಮತ್ತೆ ಹೊರಳಿದರು, ಹತ್ತಾರು ಸಲ ಹೊರಳಿದರು. ಪ್ರತಿ ಸಲವೂ ಆಸ್ಟ್ರೇಲಿಯಾ-2 ನಡೆಸುತ್ತಿದ್ದ ಜಾನ್ ಬರ್ಟ್ರಂಡ್ ಜೊತೆಗೇ ಹೊರಳಿ ಗಾಳಿಮರೆ ಹಿಡಿದರು. ಗೆಲುವಿನ ಅಂತರ 41 ಸೆಕೆಂಡ್. ಆ ಪಂದ್ಯದ ಹಳೆಯ ಚಿತ್ರಣ ಸಿಕ್ಕರೆ ಕೊನೆಯ ಹಾದಿಯನ್ನು ತಪ್ಪದೆ ನೋಡಿ. ಗಾಳಿಮರೆ ಎಂಬ ಒಂದು ಪದ ಗೊತ್ತಿದ್ದರೆ ಸಾಕು, ಬೇರೆ ವಿವರಣೆ ಬೇಡ.

ಲೇಲೈನ್‌ಗೆ ಎಟುಕುಗೆರೆ. ಅದನ್ನು ಮುಟ್ಟಿದಮೇಲೆ ಹೊರಳಿದರೆ, ದೋಣಿ ಸುತ್ತಿ ಬರಬೇಕಾದ ಮುಂದಿನ ಗುರುತು ಒಂದೇ ಎಳೆತಕ್ಕೆ ಎಟುಕುತ್ತದೆ. ಗುರುತಿಗೆ ತೇಲುಬುರುಡೆ ಎನ್ನಬಹುದು.

ಇನ್ನೊಂದು ಜೋಡಿ ನಿಜಗಾಳಿ ಮತ್ತು ತೋರುಗಾಳಿ. ನಿಂತ ಜಾಗದಲ್ಲಿ ಬೀಸುವುದು ನಿಜಗಾಳಿ (ಟ್ರೂ ವಿಂಡ್), ಓಡುವ ದೋಣಿಯಲ್ಲಿರುವವರಿಗೆ ತಾಗುವುದು ತೋರುಗಾಳಿ (ಅಪರೆಂಟ್ ವಿಂಡ್). ಎಸಿ75 ದೋಣಿಗಳು 50 ನಾಟ್ ಮುಟ್ಟುತ್ತವೆ, ಅಂದರೆ ಗಂಟೆಗೆ 92 ಕಿಲೋಮೀಟರಿಗೂ ಹೆಚ್ಚು. ಬೀಸುವ ಗಾಳಿಗಿಂತ ಎಷ್ಟೋ ಪಟ್ಟು ವೇಗ. ಹಾಗಾಗಿ ಗಾಳಿಗೆ ಬೆನ್ನು ಕೊಟ್ಟು ಹೋಗುವಾಗಲೂ ದೋಣಿಯಲ್ಲಿರುವವರ ಮುಖಕ್ಕೇ ಗಾಳಿ ಹೊಡೆಯುತ್ತದೆ. ಹಾಯಿ ಹೊಟ್ಟೆಯುಬ್ಬಿ ನಿಲ್ಲುವುದಿಲ್ಲ, ಬಿಗಿಯಾಗಿ ಒಳಗೇ ಇರುತ್ತದೆ. 'ಇದೇನು, ಗಾಳಿ ಹಿಂದಿನಿಂದ ಅಂದ್ರಿ?' ಎಂದು ಕೇಳುವವರಿಗೆ ಈ ಜೋಡಿಪದ ಇಲ್ಲದೆ ಉತ್ತರ ಕೊಡಲಾಗದು.

ಗಾಳಿ ಬೀಳುವುದಕ್ಕೆ ನಮ್ಮ 'ಗಾಳಿ ಸತ್ತಿದೆ' ಎಂಬುದೇ ಸಾಕೇ? 2013ರ ಸೆಪ್ಟೆಂಬರ್ 20ರಂದು ನ್ಯೂಜಿಲೆಂಡ್ 8-2ರಿಂದ ಮುಂದಿತ್ತು, ಇನ್ನೊಂದು ಗೆದ್ದರೆ ಕಪ್. ಆ ಪಂದ್ಯದಲ್ಲೂ ಬಹಳ ಮುಂದಿತ್ತು. ಆದರೆ ಗಾಳಿ ಸತ್ತು 40 ನಿಮಿಷದ ಮಿತಿ ಮೀರಿತು, ಪಂದ್ಯ ರದ್ದಾಯಿತು. ಐದು ದಿನದ ಮೇಲೆ ಒರಾಕಲ್ 9-8ರಿಂದ ಕಪ್ ಗೆದ್ದಿತು. ಒಲಿಂಪಿಕ್ಸ್‌ನಲ್ಲೂ ಇದು ಹೊಸತಲ್ಲ. 2024ರಲ್ಲಿ ಮಾರ್ಸೆಯಲ್ಲಿ ಪದಕದ ಪಂದ್ಯಗಳೇ ಗಾಳಿಯಿಲ್ಲದೆ ಮರುದಿನಕ್ಕೆ ಹೋದವು.

ಕೊನೆಯ ಕೋರಿಕೆ ಕರಾವಳಿಯವರಿಗೆ. ಯಂತ್ರ ಬರುವ ಮುಂಚೆ ಗಂಗೊಳ್ಳಿ, ಹೊನ್ನಾವರ, ತದಡಿಯ ಮಚವೆ, ಪತ್ತೇಮಾರಿಗಳು ಹಾಯಿಯಲ್ಲೇ ಓಡಿದವು. ಅವುಗಳ ಹಾಯಿ ಉದ್ದನೆಯ ಓರೆ ಕೋಲಿಗೆ ಕಟ್ಟಿದ್ದು. ಅಂಥ ದೋಣಿಗಳಿಗೆ ಎದುರುಹೊರಳು ಕಷ್ಟ. ಸಾಮಾನ್ಯವಾಗಿ ಗಾಳಿಗೆ ಬೆನ್ನು ಕೊಟ್ಟು ಸುತ್ತಿ, ಕೋಲನ್ನು ಕೂವೆಮರದ ಮುಂದಿನಿಂದ ಆಚೆಗೆ ತರಬೇಕಿತ್ತು. ಅದಕ್ಕೆ ಹಲವರು ಒಟ್ಟಿಗೆ ಕೈಹಾಕಬೇಕು. ಒಟ್ಟಿಗೆ ಕೈಹಾಕಬೇಕೆಂದರೆ ದೋಣಿಯ ಮುಖ್ಯಸ್ಥ ತಂಡೇಲ ಒಂದು ಮಾತು ಕೂಗಿಯೇ ಕೂಗಿರುತ್ತಾನೆ. ಆ ಮಾತು ಯಾವುದು? ಕೊಂಕಣಿಯೋ, ತುಳುವೋ, ಕನ್ನಡವೋ, ಯಾವುದಾದರೂ ಸರಿ. ಮನೆಯಲ್ಲಿ ಹಾಯಿ ಕಂಡ ಹಿರಿಯರು ಇದ್ದರೆ ಕೇಳಿ ತಿಳಿಸಿ. ಅದು ಸಿಕ್ಕರೆ ನನ್ನ ಬೆನ್ನುಹೊರಳನ್ನು ಸಂತೋಷವಾಗಿ ಬಿಟ್ಟುಬಿಡುತ್ತೇನೆ.