ಪಿತ್ತನಾಳ ‘ಕಟ್ಟಿಕೊಂಡಿದೆ’ ಅನ್ನಬಹುದಾ?

ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯ ಕೂಸಿಗೆ ಒಂದೂವರೆ ತಿಂಗಳು. ಕಾಮಾಲೆ ಇನ್ನೂ ಇಳಿದಿಲ್ಲ, ಕಕ್ಕ ಸುಣ್ಣದ ಹಾಗೆ ಬೆಳ್ಳಗಿದೆ. ಗುರುವಾರ ಮೈಸೂರಿನಲ್ಲಿ ಹೈಡಾ ಸ್ಕ್ಯಾನ್, ಅಂದರೆ ಲಿವರಿನ ಪಿತ್ತ ನಾಳದಲ್ಲಿ ಹರಿದು ಕರುಳಿಗೆ ಬರುತ್ತಾ ಅಂತ ನೋಡುವ ಪರೀಕ್ಷೆ. ಚೀಟಿಯಲ್ಲಿ ‘ಬಿಲಿಯರಿ ಅಟ್ರೀಸಿಯಾ?’ ಎಂದು ಬರೆದಿದ್ದರು. ‘ಪಿತ್ತನಾಳ ಕಟ್ಟಿಕೊಂಡಿರಬಹುದು ಅಂತ ಅನುಮಾನ’ ಎಂದು ಕೂಸಿನ ಅಜ್ಜಿಗೆ ಹೇಳಿದೆ.

‘ಕಟ್ಕೊಂಡಿದ್ರೆ ಕರಗಿಸೋ ಔಸ್ದಿ ಇಲ್ವಾ ಮಗ?’

ತಪ್ಪು ಅವರದಲ್ಲ, ನನ್ನ ಮಾತಿನದು. ಮೂಗು ಕಟ್ಟುತ್ತದೆ, ಮೋರಿ ಕಟ್ಟುತ್ತದೆ, ಆಮೇಲೆ ಬಿಡುತ್ತದೆ. ಸ್ಕ್ಯಾನಿಗೆ ಮುಂಚೆ 5 ದಿನ ಕೊಡುತ್ತಿರುವ ಫಿನೋಬಾರ್ಬಿಟಾಲನ್ನೇ ಅವರು ಕರಗಿಸೋ ಔಷಧಿ ಅಂದುಕೊಂಡಿದ್ದರು. ಅದು ಲಿವರ್ ಪಿತ್ತ ಬಿಡುವುದನ್ನು ಚುರುಕು ಮಾಡಿ, ಸ್ಕ್ಯಾನ್ ಸರಿಯಾಗಿ ಬರಲಿ ಅಂತ ಕೊಡೋದು, ಅಷ್ಟೇ. ಅಟ್ರೀಸಿಯಾದಲ್ಲಿ ನಾಳದೊಳಗೆ ಏನೂ ಸಿಕ್ಕಿಕೊಂಡಿರುವುದಿಲ್ಲ. ನಾಳವೇ ಗಾಯ ಮಾಯ್ದ ಹಾಗೆ ಗಟ್ಟಿಯಾಗಿ, ತೂತೇ ಇಲ್ಲವಾಗುತ್ತದೆ. ಗ್ರೀಕ್ ಮೂಲದ ಆ ಪದಕ್ಕೂ ‘ತೂತಿಲ್ಲದ್ದು’ ಅಂತಲೇ ಅರ್ಥ. ಅದಕ್ಕೆ ಕರುಳನ್ನೇ ಲಿವರಿಗೆ ಜೋಡಿಸುವ ಕಸಾಯ್ ಆಪರೇಷನ್ನೇ ಬೇಕು, ಅದೂ 60 ದಿನದೊಳಗಾದರೆ ಒಳ್ಳೆಯದು. (ಕಸಾಯ್ ಅನ್ನೋದು ಜಪಾನಿನ ಸರ್ಜನ್ ಹೆಸರು. ಅಜ್ಜಿಗೆ ‘ಕಸಾಯ’ ಅಂತ ಕೇಳಿಸಿ, ಶುಂಠಿ ಇದೆಯಾ ಅಂತ ಸೊಸೆಯನ್ನು ಕೇಳಿದರು.)

ಸ್ಕ್ಯಾನ್ ವಿವರಿಸೋದು ಇಷ್ಟು ಕಷ್ಟವಾಗಲಿಲ್ಲ. ವಿಕಿರಣ ಸೂಸುವ ಟೆಕ್ನೀಷಿಯಂ ಸೇರಿಸಿದ ಮೆಬ್ರೊಫೆನಿನ್ ಅನ್ನೋ ಔಷಧಿಯನ್ನು ರಕ್ತಕ್ಕೆ ಚುಚ್ಚುತ್ತಾರೆ. ಲಿವರ್ ಅದನ್ನು ಎಳೆದುಕೊಂಡು ಪಿತ್ತದ ಜೊತೆ ಬಿಡುತ್ತದೆ. ಅದು ಕರುಳಿಗೆ ಬಂತಾ ಅಂತ, ಆ ವಿಕಿರಣವನ್ನು ಹಿಡಿಯುವ ಗಾಮಾ ಕ್ಯಾಮೆರಾದಲ್ಲಿ ನೋಡುತ್ತಾರೆ, ಬೇಕಾದರೆ 24 ಗಂಟೆ ಬಿಟ್ಟು ಇನ್ನೊಮ್ಮೆ. ‘ವಿ.ಸಿ. ನಾಲೆಗೆ ನೀರು ಬಿಟ್ಟು ಕೊನೇ ಗದ್ದೆಗೆ ಬಂತಾ ಅಂತ ನೋಡ್ದಂಗೆ’ ಅಂದರು ಅಜ್ಜಿ. ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಔಷಧಿ ಕರುಳಿಗೆ ಬಂದರೆ ನಾಳದಲ್ಲಿ ದಾರಿ ಇದೆ. ಬರದಿದ್ದರೆ ಗುಮಾನಿ ಗಟ್ಟಿಯಾಗುತ್ತದೆ, ತೀರ್ಮಾನವಲ್ಲ. ಲಿವರೇ ತೀರಾ ಸೊರಗಿದ್ದರೂ ಹಾಗಾಗುತ್ತದೆ. ಕೆರೆಯಲ್ಲೇ ನೀರಿಲ್ಲದಿದ್ದರೆ ನಾಲೆಯನ್ನು ಬೈದು ಏನು ಬಂತು, ಅಲ್ವಾ?

ಈಗ ನನ್ನ ಪ್ರಶ್ನೆ. ‘ಕಟ್ಟಿಕೊಂಡಿದೆ’ ಬೇಡ ಅಂದರೆ ಏನನ್ನಬೇಕು? ‘ಮುಚ್ಚಿಹೋಗಿದೆ’ ವಾಸಿ, ಆದರೆ ಮುಚ್ಚಿದ್ದನ್ನೂ ತೆಗೆಯಬಹುದು. ‘ಅವರೋಧ’ ಅಂದರೆ ಅಜ್ಜಿಗೆ ಇಂಗ್ಲಿಷೇ ವಾಸಿ. ಓಲೆ ಹಾಕದೆ ಬಿಟ್ಟ ಕಿವಿಯ ತೂತು ‘ಕೂಡಿಕೊಂಡಿತು’ ಅಂತೀವಲ್ಲ, ನನ್ನ ಮನಸ್ಸು ಅಲ್ಲಿ ನಿಂತಿದೆ. ಆ ತೂತನ್ನು ಯಾರೂ ಔಷಧಿ ಹಾಕಿ ಬಿಡಿಸಲು ಹೋಗುವುದಿಲ್ಲ, ಹೊಸದಾಗಿ ಚುಚ್ಚಿಸುತ್ತಾರೆ. ಆದರೆ ‘ನಾಳ ಕೂಡಿಕೊಂಡಿದೆ’ ಅಂದರೆ ಎರಡು ನಾಳ ಒಂದಾಗಿವೆ ಅನ್ನಿಸುತ್ತಾ? ನಿಮ್ಮ ಮನೆಯಲ್ಲಿ ಆ ಕಿವಿ ತೂತಿಗೆ ಬೇರೆ ಮಾತಿದ್ದರೆ ಗುರುವಾರದೊಳಗೆ ತಿಳಿಸಿ.