ಕೈಗೆ ಗೊತ್ತಿರುವುದು ಬಾಯಿಗೆ ಬಾರದಿದ್ದರೆ

ರಾಣೆಬೆನ್ನೂರು ತಾಲ್ಲೂಕಿನ ಯುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡಿದ್ದರು. ಐಟಿಐಯಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ತರಬೇತಿ ಮುಗಿಸಿ, ಸೋದರಮಾವನ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡಿದ್ದರೂ, ವಾಹನ ಕಾರ್ಖಾನೆಯೊಂದರ ಸಂದರ್ಶನದಲ್ಲಿ ಇಂಗ್ಲಿಷ್ ಪ್ರಶ್ನೆಗೆ ಮಾತು ಕಟ್ಟಿಹೋದ ಮೇಲೆ ಅವರು ಎಲ್ಲಿಗೂ ಅರ್ಜಿ ಹಾಕಿಲ್ಲ. ಮೊದಲು ಇಂಗ್ಲಿಷ್ ಕಲಿತು ಆಮೇಲೆ ಪ್ರಯತ್ನಿಸಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಧಾರವಾಡದ ಓದುಗರು:

ತಮ್ಮಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆಟೊಮೊಬೈಲ್ ಡಿಪ್ಲೊಮಾದ ನಮ್ಮ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಓದು ಮುಗಿದ ವರ್ಷ ಹೋದ ಸಂದರ್ಶನದಲ್ಲಿ ಹಿರಿಯ ಅಧಿಕಾರಿಯೊಬ್ಬರು ನನ್ನ ಅಂಕಪಟ್ಟಿಯನ್ನು ತೆರೆಯದೆಯೇ, "ಗೇರ್‌ಬಾಕ್ಸ್ ಯಾರು ಎತ್ತಿಕೊಡಬೇಕಮ್ಮಾ?" ಎಂದು ಕೇಳಿದರು. ಗಂಡಸರೂ ಅದನ್ನು ಬರಿಗೈಯಲ್ಲಿ ಇಳಿಸುವುದಿಲ್ಲ, ಕೆಳಗೆ ಜ್ಯಾಕ್ ಕೊಟ್ಟೇ ಇಳಿಸುತ್ತಾರೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಬಾಯಿಂದ ಮಾತ್ರ ಅದು ಹೊರಡಲಿಲ್ಲ. ಆಮೇಲೆ ಬಹಳ ಕಾಲ ವಿಮಾ ಕಚೇರಿಯೊಂದರಲ್ಲಿ ಅಪಘಾತದ ಕಡತಗಳನ್ನು ನೋಡಿಕೊಂಡಿದ್ದೆ. ಬಿಡಿಭಾಗಗಳ ಪಟ್ಟಿಯನ್ನು ಟೈಪು ಮಾಡುವಾಗಲೆಲ್ಲ, ಇವನ್ನು ಬಿಚ್ಚಿ ಜೋಡಿಸಬಲ್ಲೆನಲ್ಲಾ ಎಂದು ಹೊಟ್ಟೆ ಉರಿಯುತ್ತಿತ್ತು. ಕೊನೆಗೊಮ್ಮೆ ಸರ್ವಿಸ್ ಸೆಂಟರೊಂದರ ಅಡ್ವೈಸರ್ ಹುದ್ದೆಗೆ ಅರ್ಜಿ ಹಾಕಿದಾಗಲೂ ನನ್ನಲ್ಲಿ ಧೈರ್ಯವಿತ್ತೆಂದು ಹೇಳಲಾರೆ. ಅಲ್ಲಿನ ವರ್ಕ್ಸ್ ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸದೆ ನೇರವಾಗಿ ಕಾರಿನ ಬಳಿಗೆ ಕರೆದೊಯ್ದು, ಬ್ರೇಕ್ ಒತ್ತಿ ನೋಡಲು ಹೇಳಿದರು. ಪೆಡಲ್ ಮೆತ್ತಗಿತ್ತು. ಲೈನಿನಲ್ಲಿ ಗಾಳಿ ಸೇರಿರಬೇಕು, ಸೋರಿಕೆ ಇದೆಯೇ ಎಂದು ಮೊದಲು ನೋಡಿ ಆಮೇಲೆ ಬ್ಲೀಡ್ ಮಾಡಿ ಆ ಗಾಳಿಯನ್ನು ಹೊರಹಾಕಬೇಕು ಎಂದು ಕನ್ನಡದಲ್ಲೇ ಹೇಳಿದೆ. ಕೆಲಸ ಸಿಕ್ಕಿತು. ಆದ್ದರಿಂದ "ನಿಮ್ಮ ಬಗ್ಗೆ ಹೇಳಿ" ಎಂದು ಕೇಳಿದಾಗ ಊರು, ಹವ್ಯಾಸಗಳನ್ನು ಬದಿಗಿಟ್ಟು, ಮಾವನ ಗ್ಯಾರೇಜಿನಲ್ಲಿ ನೀವೇ ಪತ್ತೆಹಚ್ಚಿದ ಒಂದು ದೋಷವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿ. ಅಲ್ಲಿ ನಿಮ್ಮ ಮಾತು ಕಟ್ಟಲಾರದು.

ಹುಬ್ಬಳ್ಳಿಯ ನಿವೃತ್ತ ಫೋರ್‌ಮನ್:

ಅರ್ಜಿಯನ್ನೇ ಹಾಕದೆ ಧೈರ್ಯಕ್ಕಾಗಿ ಕಾಯುವುದು ಸೋಮಾರಿತನ. ನಾಳೆಯೇ ಹಾಕಿ.

ಮಾತು ಕಟುವಾಗಿದೆ, ಆದರೆ ಕಾಯಬೇಡಿ ಎಂಬ ಸಲಹೆಯನ್ನು ಮೆತ್ತನೆಯ ಮಾತಿನಲ್ಲಿ ಬರೆದವರೂ ಅನೇಕರಿದ್ದಾರೆ. ಅವರಲ್ಲಿ ಒಬ್ಬರು ದಾರಿಯನ್ನೂ ತೋರಿಸಿದ್ದಾರೆ.

ಬೆಂಗಳೂರಿನ ತಾಂತ್ರಿಕ ತರಬೇತುದಾರರು:

1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳು ಐಟಿಐ ಮುಗಿಸಿದವರನ್ನು ಸ್ಟೈಪೆಂಡ್ ಕೊಟ್ಟು ತೆಗೆದುಕೊಳ್ಳುತ್ತವೆ. ಬಿಡದಿ, ನರಸಾಪುರ, ಹೊಸಕೋಟೆಗಳಷ್ಟೇ ಏಕೆ, ನಿಮಗೆ ಹತ್ತಿರದ ಧಾರವಾಡದಲ್ಲೂ ವಾಹನ ಕಾರ್ಖಾನೆಯಿದೆ. ಗ್ಯಾರೇಜಿನಲ್ಲಿ ಕಲಿತವರಿಗೆ ನಿಜವಾಗಿ ಕೊರತೆಯಾಗುವುದು ಅಳತೆಯ ಶಿಸ್ತು. ಅಲ್ಲಿ ಬೋಲ್ಟನ್ನು ಕೈಯಂದಾಜಿನಲ್ಲಿ ಬಿಗಿಯುತ್ತಾರೆ. ಕಾರ್ಖಾನೆಯಲ್ಲಿ ಟಾರ್ಕ್ ರೆಂಚ್ ಹಿಡಿದು, ನಿಗದಿಯಾದಷ್ಟು ನ್ಯೂಟನ್ ಮೀಟರಿಗೆ ಬಿಗಿಯಬೇಕು. ವರ್ನಿಯರ್ ಕ್ಯಾಲಿಪರಿನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, 0.02 ಮಿ.ಮೀ. ಎಂದು ಬಾಯಿಪಾಠ ಒಪ್ಪಿಸುವ ಹುಡುಗರೇ, ಬೇರಿಂಗ್ ಕೊಟ್ಟು ಅಳೆಯಲು ಹೇಳಿದಾಗ ತಡವರಿಸುವುದನ್ನು ನಾನು ಪದೇ ಪದೇ ಕಂಡಿದ್ದೇನೆ. ಈ ಎರಡು ಉಪಕರಣಗಳನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಿ. ಇಂಗ್ಲಿಷನ್ನು ಸದ್ಯಕ್ಕೆ ಕೆಲಸದ ಸೂಚನಾ ಹಾಳೆ ಓದುವಷ್ಟು ಕಲಿತರೆ ಸಾಕು, ಪ್ರಶ್ನೆ ಅರ್ಥವಾಗದಿದ್ದರೆ, "ಸರ್, ಕನ್ನಡದಲ್ಲಿ ಉತ್ತರಿಸಬಹುದೇ?" ಎಂದು ಕೇಳಲು ಸಂಕೋಚಪಡಬೇಡಿ.

ತುಮಕೂರಿನ ತಂದೆಯೊಬ್ಬರು:

ನನ್ನ ಮಗನೂ ಇದೇ ಟ್ರೇಡಿನಲ್ಲಿದ್ದಾನೆ. ವಿದ್ಯುತ್ ವಾಹನಗಳು ಬಂದ ಮೇಲೆ ಇವರ ಕಲಿಕೆಯೆಲ್ಲ ವ್ಯರ್ಥವಾಗುವುದೇ ಎಂಬ ಚಿಂತೆ ನನ್ನನ್ನು ಕಾಡುತ್ತಿದೆ. ಅವುಗಳಲ್ಲಿ ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಬ್ರೇಕ್, ಸಸ್ಪೆನ್ಷನ್, ಸ್ಟಿಯರಿಂಗ್ ಇದ್ದೇ ಇವೆ ಎಂದು ಮಗ ಸಮಾಧಾನ ಹೇಳುತ್ತಾನೆ. ಆದರೆ ನೂರಾರು ವೋಲ್ಟಿನ ಆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟುವ ಮೊದಲು ಸುರಕ್ಷತೆಯ ತರಬೇತಿಯನ್ನು ಪಡೆದಿರಲೇಬೇಕು, ಅದನ್ನು ಎಲ್ಲ ಐಟಿಐಗಳಲ್ಲೂ ಕಲಿಸಬೇಕು.

ಇದು ಪ್ರತ್ಯೇಕ ಚರ್ಚೆಗೆ ಅರ್ಹವಾದ ವಿಷಯವಾದ್ದರಿಂದ ಮುಂದೊಮ್ಮೆ ಎತ್ತಿಕೊಳ್ಳುತ್ತೇವೆ. ಎಲ್ಲ ಪತ್ರಗಳನ್ನೂ ರಾಣೆಬೆನ್ನೂರಿನ ಓದುಗರಿಗೆ ಕಳುಹಿಸಿದ್ದೇವೆ. ಧಾರವಾಡದ ಪತ್ರವನ್ನು ಮೊದಲು ಓದುವಂತೆ ಕೋರಿದ್ದೇವೆ.